ಪೆಟ್ಟಿಗೆಯಲ್ಲಿರುವ ಬಟ್ಟೆ, ಮೈಮೇಲಿರುವ ಕೌದಿ



ನಮ್ಮ ಧರ್ಮಕೇಂದ್ರಗಳ ಅನೇಕ ಮನೆಗಳಲ್ಲಿ ಒಂದು ಹೊಲಿಗೆ ಯಂತ್ರವಿದೆ. ಒಂದು ಕಾಲದಲ್ಲಿ ಮಕ್ಕಳ ಲಂಗ, ಚಡ್ಡಿ, ಅಕ್ಕಪಕ್ಕದವರ ರವಿಕೆ ಹೊಲಿದ ಯಂತ್ರ ಅದು. ಮಕ್ಕಳು ದೊಡ್ಡವರಾದರು, ಸಿದ್ಧ ಉಡುಪು ಬಂತು, ಯಂತ್ರಕ್ಕೆ ಕೆಲಸ ಕಡಿಮೆಯಾಯಿತು. ಆದರೆ ಹೊಲಿಯುವ ಕೈ ಸುಮ್ಮನಿರುವುದಿಲ್ಲ. ಹೆಬ್ಬಾಳದಲ್ಲಿ, ಆರ್.ಟಿ. ನಗರದಲ್ಲಿ, ಯಲಹಂಕದಲ್ಲಿ ಎಷ್ಟೋ ತಾಯಂದಿರು ಈಗ ತುಂಡುಬಟ್ಟೆ ಜೋಡಿಸಿ ಕೌದಿ ಹೊಲಿಯುವುದನ್ನು ಹವ್ಯಾಸ ಮಾಡಿಕೊಂಡಿದ್ದಾರೆ. ಇದು ಒಳ್ಳೆಯ ಹವ್ಯಾಸ. ಮನಸ್ಸಿಗೆ ನೆಮ್ಮದಿ ಕೊಡುತ್ತದೆ, ಕೈಗೆ ಕೆಲಸ ಕೊಡುತ್ತದೆ.

ಆದರೆ ಇದರ ಜೊತೆಗೇ ಇನ್ನೊಂದು ಬೆಳೆಯುತ್ತದೆ. ಅದೇ ಬಟ್ಟೆಯ ರಾಶಿ. ರವಿಕೆ ಹೊಲಿದು ಮಿಕ್ಕ ತುಂಡು, ಹಳೆಯ ಸೀರೆ, ಮಗುವಿನ ದೀಕ್ಷಾಸ್ನಾನದ ಅಂಗಿ, ಮದುವೆ ಮನೆಗಳಲ್ಲಿ ಮಡಿಲು ತುಂಬಿದ ಕಣ, ಯಶವಂತಪುರ ಪೀಣ್ಯದ ಕಡೆಯ ಗಾರ್ಮೆಂಟ್ಸ್‌ನಲ್ಲಿ ಕತ್ತರಿಸಿ ಉಳಿದ ಕಟ್‌ಪೀಸು, ಅಂಗಡಿಯಲ್ಲಿ ಬಣ್ಣ ಚೆನ್ನಾಗಿದೆಯೆಂದು ಕೊಂಡ ಒಂದು ಮೀಟರು. ಮೊದಲು ಬೀರುವಿನ ಒಂದು ಅರೆ, ಆಮೇಲೆ ಮಂಚದ ಕೆಳಗಿನ ಪೆಟ್ಟಿಗೆ, ಕೊನೆಗೆ ಅಟ್ಟ. ಅದರ ನಡುವೆ ಆರಂಭಿಸಿ ಬಿಟ್ಟ ನಾಲ್ಕೈದು ಕೌದಿಗಳು. ಮನೆಯವರು “ಇಷ್ಟೊಂದು ಬಟ್ಟೆ ಯಾಕೆ?” ಎಂದು ಕೇಳುತ್ತಾರೆ. “ಒಂದು ದಿನ ಬೇಕಾಗುತ್ತೆ, ಇರಲಿ ಬಿಡಿ” ಎಂದು ಉತ್ತರ ಬರುತ್ತದೆ. ಇಬ್ಬರು ಮೂವರು ಮಲಗುವ ಚಿಕ್ಕ ಕೋಣೆಗಳಲ್ಲಿ, ತಿಂಗಳ ಸಂಬಳದಲ್ಲಿ ನಡೆಯುವ ಸಂಸಾರಗಳಲ್ಲಿ ಇದು ನಗುವಿನಿಂದ ಆರಂಭವಾಗಿ ಮನಸ್ತಾಪದಲ್ಲಿ ಮುಗಿಯುವುದೂ ಉಂಟು. ಆದ್ದರಿಂದ ಈ ಸಣ್ಣ ವಿಷಯವನ್ನು ಇಂದು ಸ್ವಲ್ಪ ನಿಧಾನವಾಗಿ ಅಭ್ಯಾಸ ಮಾಡೋಣ.

ಕೌದಿ ಹುಟ್ಟಿದ್ದು ಹೇಗೆ?

ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಇದನ್ನು ಕೌದಿ ಎನ್ನುತ್ತಾರೆ. ನಮ್ಮ ಹಳೆಯ ಮೈಸೂರು ಭಾಗದ ಹಿರಿಯರ ಬಾಯಲ್ಲಿ ಇದು ಬೊಂತೆ. ಹೆಸರು ಯಾವುದಾದರೂ ರೀತಿ ಒಂದೇ. ಉಟ್ಟು ಹಳತಾದ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು, ಉದ್ದಕ್ಕೂ ಸಣ್ಣ ಓಟದ ಹೊಲಿಗೆ ಹಾಕುತ್ತಾರೆ. ಹಳೆಯ ಹತ್ತಿ ಬಟ್ಟೆ ಒಗೆದು ಒಗೆದು ಮೆತ್ತಗಾಗಿರುತ್ತದೆ. ಒಂದು ಪದರಕ್ಕೆ ಬಲವಿಲ್ಲ, ಐದಾರು ಪದರ ಸೇರಿದಾಗ ಬಲವೂ ಬರುತ್ತದೆ, ಬಿಸುಪೂ ಬರುತ್ತದೆ.

ಬಂಗಾಳದ ತಾಯಂದಿರು ಹಳೆಯ ಸೀರೆಗಳಿಂದಲೇ ಕಾಂಥಾ ಹೊಲಿಯುತ್ತಿದ್ದರು. ಹೊಲಿಯುವ ನೂಲನ್ನು ಕೂಡ ಸೀರೆಯ ಅಂಚಿನಿಂದ ಬಿಡಿಸಿಕೊಳ್ಳುತ್ತಿದ್ದರು. ದೂರದ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಜನಾಂಗದ ಹೆಂಗಸರು ಹೊಲದಲ್ಲಿ ದುಡಿದು ಸವೆದ ಬಟ್ಟೆಗಳಿಂದ ಕೌದಿ ಹೊಲಿದರು. 2002ರಲ್ಲಿ ಆ ಕೌದಿಗಳ ದೊಡ್ಡ ಪ್ರದರ್ಶನ ನಡೆಯಿತು, 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರಡಿಸಿತು. ಆದರೆ ಆ ತಾಯಂದಿರು ಹೊಲಿದದ್ದು ಪ್ರದರ್ಶನಕ್ಕಲ್ಲ. ಚಳಿಗೆ ಮಕ್ಕಳು ನಡುಗಬಾರದೆಂದು ಹೊಲಿದರು.

ಎಲ್ಲ ಕಡೆಯೂ ಕ್ರಮ ಒಂದೇ ಎಂಬುದನ್ನು ನಾವು ಗಮನಿಸಬೇಕು. ಮೊದಲು ಹೊದೆಯಬೇಕಾದ ಒಬ್ಬ ಮನುಷ್ಯ, ಆಮೇಲೆ ಮನೆಯಲ್ಲಿರುವ ಬಟ್ಟೆ, ಕೊನೆಗೆ ಹೊಲಿಗೆ. ನಮ್ಮ ಇಂದಿನ ಹವ್ಯಾಸದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮೊದಲು ಬಟ್ಟೆ ಬರುತ್ತದೆ, ಆಮೇಲೆ ಹೊಲಿಗೆ ಶುರುವಾಗುತ್ತದೆ, ಯಾರಿಗೆ ಎಂಬುದು ಕೊನೆಯವರೆಗೂ ತೀರ್ಮಾನವಾಗುವುದಿಲ್ಲ.

ಸಿದ್ದಿ ತಾಯಂದಿರ ಕವಂದಿ

ನಮ್ಮದೇ ರಾಜ್ಯದ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತಿನ ಕಾಡುಗಳ ಅಂಚಿನಲ್ಲಿ ಸಿದ್ದಿ ಜನ ವಾಸಿಸುತ್ತಾರೆ. ಇವರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದ ಅನೇಕರು ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದರು. ಅವರಲ್ಲಿ ಕಥೋಲಿಕರಿದ್ದಾರೆ, ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಕಥೋಲಿಕ ಸಿದ್ದಿಗಳಿರುವ ಆ ಪ್ರದೇಶ 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತ್ಯಕ್ಕೆ ಸೇರಿದೆ.

ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ತಳಕ್ಕೆ ಹಳೆಯ ಸೀರೆ. ತುಂಡುಗಳನ್ನು ಅಂಚಿನಿಂದ ಇಡುತ್ತಾ, ಅಂಚು ಒಳಗೆ ಮಡಚಿ ಹೊಲಿಯುತ್ತಾ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂವನ್ನು ಕೂರಿಸುತ್ತಾರೆ, ಅದಕ್ಕೆ ಫೂಲ ಎನ್ನುತ್ತಾರೆ. ಫೂಲವಿಲ್ಲದ ಕವಂದಿ ಅವರ ಕಣ್ಣಿಗೆ ಪೂರ್ತಿಯಾದದ್ದಲ್ಲ. ಕಥೋಲಿಕ ಮನೆಗಳ ಕವಂದಿಗಳಲ್ಲಿ ತುಂಡುಗಳ ನಡುವೆ ಶಿಲುಬೆಯ ಆಕಾರ ಕಾಣಸಿಗುತ್ತದೆ. ಮೊಮ್ಮಕ್ಕಳಿಗೆಂದು ಹೊಲಿದ ಚಿಕ್ಕ ಕವಂದಿಗಳಲ್ಲಂತೂ ಬಣ್ಣಗಳ ಜಾತ್ರೆಯೇ ಇರುತ್ತದೆ. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಈ ಕವಂದಿಗಳ ಪ್ರದರ್ಶನ ನಡೆಯಿತು.

ಹೊಲಿಯುವವರು ಇಲ್ಲಿ ಒಂದು ಮುಖ್ಯ ಸಂಗತಿ ಕಲಿಯಬೇಕು. ನಾವು ಪುಸ್ತಕ ನೋಡಿ ಕಲಿತ ಕ್ರಮದಲ್ಲಿ ಮೂರು ಹಂತಗಳಿವೆ. ಮೊದಲು ತುಂಡು ಜೋಡಿಸಿ ಮೇಲ್ಪದರ, ಆಮೇಲೆ ನಡುವಿಗೆ ಹತ್ತಿಯ ಹಾಳೆ ಮತ್ತು ಕೆಳಪದರ, ಕೊನೆಗೆ ಮೂರನ್ನೂ ಸೇರಿಸುವ ಹೊಲಿಗೆ. ಬಣ್ಣ ಜೋಡಿಸುವ ಮೊದಲ ಹಂತವೇ ಸಂತೋಷದ್ದು. ಅದು ಮುಗಿದ ಕೂಡಲೇ ಉತ್ಸಾಹ ಇಳಿಯುತ್ತದೆ, ಮೇಲ್ಪದರವನ್ನು ಮಡಚಿಟ್ಟು ಹೊಸದನ್ನು ಶುರುಮಾಡುತ್ತೇವೆ. ಕವಂದಿಯಲ್ಲಿ ತುಂಡೂ ಪದರವೂ ಒಂದೇ ಹೊಲಿಗೆಯಲ್ಲಿ ಕೂಡುತ್ತವೆ. ಎಷ್ಟು ಹೊಲಿದಿದೆಯೋ ಅಷ್ಟು ಮುಗಿದ ಹಾಗೆ. ಒಂದು ಸುತ್ತು ಮುಗಿದರೆ ಮುಂದಿನ ಸುತ್ತು ತಾನಾಗಿ ಕೈ ಹಿಡಿದು ಕರೆಯುತ್ತದೆ. ಅರ್ಧಕ್ಕೆ ಬಿಡುವ ಚಾಳಿ ಇರುವವರು ಒಮ್ಮೆ ಈ ರೀತಿಯಲ್ಲಿ ಹೊಲಿದು ನೋಡಬೇಕು.

ಸ್ವಲ್ಪ ಲೆಕ್ಕ ಹಾಕೋಣ

ಒಬ್ಬರು ಹೊದೆಯುವ ಕೌದಿಗೆ 1.4 ಮೀಟರ್ ಅಗಲ, 2.1 ಮೀಟರ್ ಉದ್ದ ಸಾಕು. ಅಂದರೆ ಸುಮಾರು 3 ಚದರ ಮೀಟರ್. ಐದೂವರೆ ಮೀಟರಿನ ಒಂದು ಸೀರೆ ಸುಮಾರು 6 ಚದರ ಮೀಟರ್ ಬರುತ್ತದೆ. ಕತ್ತರಿಸಿ ಜೋಡಿಸಿದರೆ ಒಂದು ಸೀರೆಯಲ್ಲಿ ಎರಡು ಪದರ. ಮೂರು ಹಳೆಯ ಸೀರೆಯಲ್ಲಿ ಆರು ಪದರದ ದಪ್ಪ ಕೌದಿ ಆಗುತ್ತದೆ. ಮೇಲಿನ ತುಂಡುಗಳಿಗೆ, ಮಡಚುವ ಅಂಚನ್ನೂ ಸೇರಿಸಿ, 4 ಚದರ ಮೀಟರ್ ಬಟ್ಟೆ ಬೇಕಾದೀತು.

ಈಗ ಒಂದು ಮನೆಯ ಪೆಟ್ಟಿಗೆಯಲ್ಲಿ ಒಂದು ಮೀಟರ್ ಅಗಲದ 40 ಮೀಟರ್ ಬಟ್ಟೆ ಇದೆಯೆಂದು ಇಟ್ಟುಕೊಳ್ಳೋಣ. ಅದು 10 ಕೌದಿಗಳಿಗೆ ಸಾಕು. ಸಂಜೆ ಹೊತ್ತು ಕೈಯಲ್ಲಿ ಹೊಲಿಯುವವರಿಗೆ ಒಂದು ಕೌದಿಗೆ ಮೂರು ತಿಂಗಳು ಹಿಡಿದರೆ, 10 ಕೌದಿಗೆ ಎರಡೂವರೆ ವರ್ಷ. ಅಷ್ಟರಲ್ಲಿ ತಿಂಗಳಿಗೆ ಎರಡೇ ಮೀಟರ್ ಹೊಸ ಬಟ್ಟೆ ಕೊಂಡರೂ 60 ಮೀಟರ್ ಬಂದು ಸೇರುತ್ತದೆ. ಹತ್ತು ಕೌದಿ ಮುಗಿದ ದಿನ ಪೆಟ್ಟಿಗೆಯಲ್ಲಿ ಮೊದಲಿಗಿಂತ 20 ಮೀಟರ್ ಹೆಚ್ಚೇ ಇರುತ್ತದೆ! ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆ ಹಣಕ್ಕೆ ಮಾತ್ರವಲ್ಲ, ನಮ್ಮ ಕೈಗಳ ಬಲಕ್ಕೂ ಆಯುಸ್ಸಿಗೂ ಸಲ್ಲುತ್ತದೆ.

ಬಟ್ಟೆ ಇಟ್ಟುಕೊಳ್ಳುವುದೇ ತಪ್ಪು ಎಂದು ಇದರ ಅರ್ಥವಲ್ಲ. ಎರಡೇ ಬಣ್ಣದಲ್ಲಿ ಕೌದಿ ಚೆಂದ ಕಾಣುವುದಿಲ್ಲ. ಆಯ್ಕೆಗೆ ಹತ್ತು ಬಗೆ ಬೇಕು. ಐದು ರೊಟ್ಟಿಗಳಿಂದ ಐದು ಸಾವಿರ ಜನರು ಉಂಡ ಮೇಲೆ ಮಿಕ್ಕ ತುಂಡುಗಳನ್ನು ಕೂಡಿಸಿಡುವಂತೆ ಯೇಸುಸ್ವಾಮಿಯೇ ಶಿಷ್ಯರಿಗೆ ಹೇಳಿದರು (ಯೊವಾನ್ನ 6:12). ಏನೂ ಹಾಳಾಗಬಾರದೆಂಬುದು ಅದರ ಉದ್ದೇಶ. ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸೀ’ ಎಂಬ ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯನ್ನು ಖಂಡಿಸಿದ್ದಾರೆ. ಹಳೆಯ ಸೀರೆಯನ್ನು ಕೌದಿ ಮಾಡುವ ತಾಯಿ ಆ ಬೋಧನೆಯನ್ನು ಕೈಯಿಂದ ಪಾಲಿಸುತ್ತಾಳೆ. ಆದರೆ ಹೊಸ ಬಟ್ಟೆಯನ್ನು ತುಂಡು ಮಾಡಲೆಂದೇ ಕೊಂಡು, ತುಂಡೂ ಮಾಡದೆ ಪೆಟ್ಟಿಗೆಯಲ್ಲಿಟ್ಟರೆ ಅದನ್ನು ಉಳಿತಾಯ ಎನ್ನಲಾಗದು.

ತಬಿಥಳ ಮನೆಯ ಮಹಡಿಯಲ್ಲಿ

ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ಯೊಪ್ಪ ಊರಿನ ತಬಿಥಳ ವೃತ್ತಾಂತವಿದೆ. ಗ್ರೀಕ್ ಭಾಷೆಯಲ್ಲಿ ಅವಳ ಹೆಸರು ದೊರ್ಕ, ಅಂದರೆ ಜಿಂಕೆ. ಅವಳು ಕಾಯಿಲೆಯಿಂದ ತೀರಿಕೊಂಡಾಗ ಸಂತ ಪೇತ್ರರನ್ನು ಕರೆತಂದರು. ಮಹಡಿಯ ಕೋಣೆಯಲ್ಲಿ ವಿಧವೆಯರು ಅಳುತ್ತಾ ಅವರ ಸುತ್ತ ನಿಂತರು. ತಬಿಥ ತಮ್ಮೊಡನೆ ಇದ್ದಾಗ ಮಾಡಿಕೊಟ್ಟ ಅಂಗಿ, ಮೇಲುಡುಪುಗಳನ್ನು ತೋರಿಸಿದರು. ಪೇತ್ರರು ಪ್ರಾರ್ಥಿಸಿ ಅವಳನ್ನು ಜೀವಂತವಾಗಿ ಎಬ್ಬಿಸಿದರು. 19ನೇ ಶತಮಾನದಲ್ಲಿ ಬಡವರಿಗೆ ಬಟ್ಟೆ ಹೊಲಿದು ಕೊಡುವ ಸಂಘಗಳು ಡಾರ್ಕಸ್ ಎಂಬ ಅವಳ ಹೆಸರನ್ನೇ ಇಟ್ಟುಕೊಂಡವು.

ಆ ವಿಧವೆಯರು ತೋರಿಸಿದ್ದೇನು? ತಬಿಥಳ ಪೆಟ್ಟಿಗೆಯಲ್ಲಿ ಎಂತಹ ಒಳ್ಳೆಯ ಬಟ್ಟೆಯಿತ್ತು ಎಂಬುದನ್ನಲ್ಲ. ಹೊಲಿದು ಮುಗಿದು ತಮ್ಮ ಕೈ ಸೇರಿದ್ದನ್ನು ತೋರಿಸಿದರು. ನಮ್ಮ ಮನೆಯಲ್ಲಿ ನಾಳೆ ನಾವಿಲ್ಲದಾಗ ಮಕ್ಕಳು ಅಟ್ಟದಿಂದ ಮೂಟೆ ಇಳಿಸುತ್ತಾರೆ. ಆ ಹಸಿರು ತುಂಡು ಅಜ್ಜಿಯ ಸೀರೆಯದು, ಈ ಬಿಳಿಯದು ದೊಡ್ಡ ಮಗನ ದೀಕ್ಷಾಸ್ನಾನದ ಅಂಗಿ ಎಂಬುದು ನಮಗೊಬ್ಬರಿಗೇ ಗೊತ್ತಿದ್ದರೆ, ಅವರ ಕಣ್ಣಿಗೆ ಅದೆಲ್ಲ ಬರೀ ಚಿಂದಿ. ಅದೇ ತುಂಡುಗಳು ಕೌದಿಯಾಗಿ ಮೊಮ್ಮಗಳ ಮೈಮೇಲಿದ್ದರೆ ಅವಳು ತಾನೇ ಕೇಳಿ ತಿಳಿದುಕೊಳ್ಳುತ್ತಾಳೆ: “ಅಜ್ಜೀ, ಈ ಹೂವಿನ ಬಟ್ಟೆ ಯಾರದು?”

ಕೆಲವು ಉಪಯುಕ್ತ ಸೂಚನೆಗಳು

1. ಅರ್ಧಕ್ಕೆ ನಿಂತ ಕೌದಿಗಳನ್ನೆಲ್ಲ ಒಂದು ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಹೊರಗೆ ತೆಗೆದು ಹಾಸಿ. ಮುಗಿಸುವಂಥದ್ದು, ಬೇರೆಯವರು ಮುಗಿಸಲೆಂದು ಕೊಡುವಂಥದ್ದು, ಬಿಚ್ಚಿ ಬಟ್ಟೆ ಮರಳಿ ಪಡೆಯುವಂಥದ್ದು ಎಂದು ಮೂರು ಪಾಲು ಮಾಡಿ.

2. ಮುಗಿಸುವ ಪ್ರತಿಯೊಂದಕ್ಕೂ ಅದನ್ನು ಹೊದೆಯುವವರ ಹೆಸರು ಬರೆದ ಚೀಟಿಯನ್ನು ಪಿನ್ ಹಾಕಿ. ಹೆಸರು ಬಿದ್ದ ಕೌದಿ ಬೇಗ ಮುಗಿಯುತ್ತದೆ.

3. ಹೊಸ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸದೆ ಹಳೆಯದಕ್ಕೆ ಜೋಡಿಸಬೇಡಿ. ಮೊದಲ ಒಗೆತದಲ್ಲಿ ಹೊಸದು ಕುಗ್ಗಿ ಹಳೆಯದನ್ನು ಎಳೆದು ಹರಿಯುತ್ತದೆ. ಹಳೆಯ ಉಡುಪಿಗೆ ಹೊಸ ಬಟ್ಟೆಯ ತೇಪೆ ಹಾಕಬಾರದೆಂಬ ಸಾಮತಿಯನ್ನು (ಮಾರ್ಕ 2:21) ಯೇಸುಸ್ವಾಮಿ ಹೇಳಿದಾಗ ಹೊಲಿಗೆ ಬಲ್ಲ ಹೆಂಗಸರಿಗೆ ಅದು ಥಟ್ಟನೆ ಅರ್ಥವಾಗಿರಬೇಕು. ಬಣ್ಣ ಬಿಡುವ ಬಟ್ಟೆಯೂ ಹೀಗೆ ನೆನೆಸಿದಾಗಲೇ ಗೊತ್ತಾಗುತ್ತದೆ.

4. ಗಂಜಿ ಹಾಕಿದ ಬಟ್ಟೆಯನ್ನು ಹಾಗೆಯೇ ಎತ್ತಿಡಬೇಡಿ. ಗಂಜಿಯ ಆಸೆಗೆ ಬೆಳ್ಳಿಹುಳು ಬರುತ್ತದೆ. ಒಗೆದು, ಚೆನ್ನಾಗಿ ಒಣಗಿಸಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ಗಾಳಿಗೆ ಹರವಿ, ಹಳೆಯ ಮಡಿಕೆ ಬಿಟ್ಟು ಬೇರೆ ಕಡೆ ಮಡಚಿಡಿ.

5. ಎರಡು ಕೌದಿ ಮುಗಿಯುವವರೆಗೆ ಹೊಸ ಬಟ್ಟೆ ಕೊಳ್ಳುವುದಿಲ್ಲ ಎಂದು ನಿಯಮ ಮಾಡಿಕೊಳ್ಳಿ. ತಪಸ್ಸುಕಾಲದಲ್ಲಿ ಇದೂ ಒಂದು ಒಳ್ಳೆಯ ಉಪವಾಸ.

6. ಡಿಸೆಂಬರ್ ಜನವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿ ಬೆಳಗಿನ ಜಾವದ ಚಳಿ ಎಲ್ಲರಿಗೂ ಗೊತ್ತು. ಕಟ್ಟಡಗಳ ಕಾವಲಿಗೆ, ಕೂಲಿಗೆ ಬಂದ ಕುಟುಂಬಗಳಿಗೆ, ವೃದ್ಧಾಶ್ರಮದ ಹಿರಿಯರಿಗೆ ಒಂದು ಕೌದಿ ಕೊಡಬಹುದು. ಆದರೆ ಮೊದಲು ಅವರನ್ನು ಕೇಳಿ. ವಯಸ್ಸಾದವರಿಗೆ ಹಗುರವಾದದ್ದು, ಸುಲಭವಾಗಿ ಒಗೆಯಬಹುದಾದದ್ದು ಬೇಕು. ನಮಗೆ ಬೇಡವಾದ ಚಿಂದಿಯ ಮೂಟೆಯನ್ನು ಬಡವರ ಬಾಗಿಲಲ್ಲಿ ಇಳಿಸುವುದು ದಾನವಲ್ಲ.

ಮನೆಯವರಿಗೂ ಒಂದು ಮಾತು. ದಿನವಿಡೀ ಮನೆಗಾಗಿ ದುಡಿಯುವ ತಾಯಿಗೆ ಸಂಜೆ ಒಂದು ಗಂಟೆ ಸೂಜಿದಾರದ ಜೊತೆ ಕೂರುವ ಹಕ್ಕಿದೆ. ಬಟ್ಟೆ ಕಂಡು ರೇಗುವ ಬದಲು ಸೂಜಿಗೆ ದಾರ ಪೋಣಿಸಿಕೊಡಿ, ಹಳೆಯ ಹೊಲಿಗೆ ಬಿಚ್ಚಿಕೊಡಿ. ರಾಶಿ ಕರಗುವುದು ಜಗಳದಿಂದಲ್ಲ, ಜೊತೆಯಿಂದ.

ಕುಟುಂಬದಲ್ಲಿ ಚರ್ಚಿಸಲು

• ನಮ್ಮ ಮನೆಯಲ್ಲಿ ಅರ್ಧಕ್ಕೆ ನಿಂತಿರುವ ಕೈಕೆಲಸಗಳು ಎಷ್ಟು? ಯಾವುದನ್ನು ಮೊದಲು ಮುಗಿಸೋಣ, ಯಾರಿಗಾಗಿ?

• ನಾವು ಎತ್ತಿಟ್ಟ ಬಟ್ಟೆಗಳಲ್ಲಿ ಯಾವುದಕ್ಕೆ ಮನೆಯ ನೆನಪು ಸೇರಿಕೊಂಡಿದೆ? ಅದನ್ನು ಮಕ್ಕಳಿಗೆ ಹೇಳಿದ್ದೇವೆಯೇ?

• ಬಟ್ಟೆಯ ಹಾಗೆಯೇ “ಒಂದು ದಿನ ಬೇಕಾಗುತ್ತೆ” ಎಂದು ನಾವು ಕೂಡಿಟ್ಟಿರುವ ಬೇರೆ ವಸ್ತುಗಳು ಯಾವುವು? ಇಂದೇ ಅವು ಬೇಕಾಗಿರುವವರು ನಮ್ಮ ಬೀದಿಯಲ್ಲಿ ಇದ್ದಾರೆಯೇ?