ಚೈನ್‌ಸಾ ಎಂಜಿನ್‌ನ ಶಕ್ತಿ ಹೆಚ್ಚಿಸುವ ಮುನ್ನ

ತೋಟದಲ್ಲಿ ಸಿಲ್ವರ್ ಓಕ್, ಅಕೇಶಿಯಾ ಕೊಯ್ಯಲು ಚೈನ್‌ಸಾ ಇಟ್ಟುಕೊಂಡ ಕೆಲವರಿಗೆ ಅದರ ಎಂಜಿನ್ ಬಿಚ್ಚಿ ಶಕ್ತಿ ಹೆಚ್ಚಿಸುವ ಹುಚ್ಚು ಇರ್ತದೆ. ನನಗೂ ಇದೆ. ಮೊದಲ ಸಲ ಸೈಲೆನ್ಸರ್‌ನ ತೂತು ದೊಡ್ಡದು ಮಾಡಿದೆ. ವೇಗ ಬಂತು, ಖುಷಿಯಾಯ್ತು. ಎರಡನೇ ಟ್ಯಾಂಕ್ ಮುಗಿಯುವ ಮೊದಲೇ ಎಂಜಿನ್ ಜಾಮ್! ಬಿಚ್ಚಿ ನೋಡಿದರೆ ಪಿಸ್ಟನ್ನಿನಲ್ಲಿ ಹೊಗೆ ಹೋಗುವ ಬದಿಯೆಲ್ಲ ಗೀರು.

ಆದದ್ದೇನು? ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಪಿಸ್ಟನ್ ಸವೆಯದಂತೆ ಕಾಯುವುದು. ಸೈಲೆನ್ಸರ್ ತೆರೆದಾಗ ಒಳಗೆ ಗಾಳಿ ಹೆಚ್ಚು ಬರ್ತದೆ, ಪೆಟ್ರೋಲ್ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ಮಿಶ್ರಣ ತೆಳುವಾಗಿ ಬಿಸಿ ಏರುತ್ತದೆ, ಆಯಿಲ್ ಸಾಲುವುದಿಲ್ಲ. ನಾನು ಕಾರ್ಬ್ಯುರೇಟರ್ ಮುಟ್ಟಿರಲೇ ಇಲ್ಲ.

ಹಾಗಾಗಿ ಈ ಕ್ರಮ ಅನುಸರಿಸಿ:

1. ಮೊದಲು ಚೈನಿನ ಹಲ್ಲಿಗೆ ಅರ ಹಾಕಿ, ಏರ್ ಫಿಲ್ಟರ್ ಸ್ವಚ್ಛ ಮಾಡಿ. ಚೂಪಾದ ಹಲ್ಲು ಚಕ್ಕೆ ಉದುರಿಸುತ್ತದೆ, ಮೊಂಡು ಹಲ್ಲು ಹಿಟ್ಟಿನಂಥ ಪುಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

2. ಸೈಲೆನ್ಸರನ್ನು ಎಂಜಿನ್ನಿನಿಂದ ಕಳಚಿಯೇ ಕೊರೆಯಿರಿ, ಲೋಹದ ಪುಡಿ ಒಳಗೆ ಬೀಳಬಾರದು. ಹೊರದಾರಿ ಸಿಲಿಂಡರಿನ ಹೊಗೆಕಂಡಿಗಿಂತ ಚಿಕ್ಕದಿರಲಿ. ಕಿಡಿ ತಡೆಯುವ ಜಾಲರಿ ಮರಳಿ ಹಾಕಿ, ಬೇಸಿಗೆಯ ಒಣ ತರಗೆಲೆಗೆ ಒಂದು ಕಿಡಿ ಸಾಕು.

3. ಎಂಜಿನ್ ಬಿಸಿಯಾದ ಮೇಲೆ ಕಾರ್ಬ್ಯುರೇಟರಿನ 'ಎಚ್' ಸ್ಕ್ರೂವನ್ನು ಎಡಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಎಡಕ್ಕೆ ಅಂದರೆ ಪೆಟ್ರೋಲ್ ಹೆಚ್ಚು. ಕೊಯ್ಯದೆ ಪೂರ್ತಿ ಥ್ರಾಟಲ್ ಕೊಟ್ಟಾಗ ಶಬ್ದ ತುಸು ಒಡೆದಂತಿರಬೇಕು, ಮರಕ್ಕೆ ಇಟ್ಟೊಡನೆ ನಯವಾಗಬೇಕು. ಖಾಲಿ ಓಡುವಾಗಲೇ ಕೀರಲು ದನಿ ಬಂದರೆ ಮಿಶ್ರಣ ತೆಳು, ತಕ್ಷಣ ನಿಲ್ಲಿಸಿ. ಟ್ಯಾಕೋಮೀಟರ್ ಇದ್ದರೆ ಕೈಪಿಡಿಯ ಗರಿಷ್ಠ ವೇಗ ಮೀರಬೇಡಿ. ಕಂಪ್ಯೂಟರ್ ನಿಯಂತ್ರಿತ ಮಾದರಿಗಳಲ್ಲಿ ಈ ಸ್ಕ್ರೂ ಇರುವುದಿಲ್ಲ.

4. ಕಂಪ್ರೆಶನ್ ಹೆಚ್ಚಿಸಲು ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್ ತೆಗೆದು ಸೀಲೆಂಟ್ ಹಚ್ಚುವವರಿದ್ದಾರೆ. ತೆಗೆಯುವುದಾದರೆ ಪ್ಲಗ್ ತೂತಿನಿಂದ ಮೆತ್ತನೆಯ ಸೋಲ್ಡರ್ ತಂತಿಯನ್ನು ಸಿಲಿಂಡರ್ ಗೋಡೆ ಮುಟ್ಟುವಂತೆ ಇಟ್ಟು, ಎಂಜಿನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತುದಿ 0.5 ಮಿ.ಮೀ.ಗಿಂತ ತೆಳ್ಳಗಿದ್ದರೆ ಗ್ಯಾಸ್ಕೆಟ್ ಮರಳಿ ಹಾಕಿ, ಇಲ್ಲದಿದ್ದರೆ ಪಿಸ್ಟನ್ ತಲೆಗೆ ಬಡಿಯಬಹುದು. ಜೋಡಣೆಯಲ್ಲಿ ಗಾಳಿ ಸೋರಿದರೂ ಮಿಶ್ರಣ ತೆಳುವಾಗ್ತದೆ, ನೆನಪಿರಲಿ.

ಕೈಪಿಡಿ 50:1 ಅಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟು-ಸ್ಟ್ರೋಕ್ ಆಯಿಲ್, ಅಳೆದೇ ಹಾಕಿ. ಶಕ್ತಿ ಹೆಚ್ಚಿದ ಗರಗಸ ಹಿಂದಕ್ಕೆ ಒದೆಯುವುದೂ ಜೋರು. ಚೈನ್ ಬ್ರೇಕ್ ಪರೀಕ್ಷಿಸದೆ, ಕಿವಿಗೆ ರಕ್ಷಣೆ ಇಲ್ಲದೆ ಶುರು ಮಾಡಬೇಡಿ.

ಕೊನೆಯದಾಗಿ, ಈ ಹವ್ಯಾಸಕ್ಕೆ ಹಳೆಯದೊಂದು ಗರಗಸ ಬೇರೆಯೇ ಇರಲಿ. ಕೆಲಸದ್ದನ್ನು ಬಿಚ್ಚಿ ಕೂತರೆ ಬಿದ್ದ ಮರ ದಾರಿಯಲ್ಲೇ ಉಳಿಯುತ್ತದೆ.