ಆಂಗ್ಲ ನುಡಿಗಟ್ಟುಗಳಲ್ಲಿ ದೇಶಭೇದ

ಆಂಗ್ಲಭಾಷೆಯನ್ನು ಪುಸ್ತಕಮುಖದಿಂದಲೇ ಕಲಿಯುವ ನಮ್ಮ ವಿದ್ಯಾರ್ಥಿಗಳು ಅದು ಎಲ್ಲೆಡೆಯೂ ಒಂದೇ ತೆರನಾಗಿರುವುದೆಂದು ಭಾವಿಸುವುದು ಸಹಜ. ಆದರೆ ಕಾಸರಗೋಡಿನವರು ‘ಎಂತ’ ಎಂದು ಕೇಳುವಲ್ಲಿ ಸೊಲ್ಲಾಪುರದವರು ‘ಏನ್ರೀ’ ಎನ್ನುವಂತೆ, ಇಂಗ್ಲೆಂಡು, ಸ್ಕಾಟ್ಲೆಂಡು, ಅಮೆರಿಕ, ಭಾರತ ಇವುಗಳಲ್ಲಿ ಆ ಭಾಷೆಯ ದಿನಬಳಕೆಯ ಮಾತೂ ಬೇರೆಬೇರೆ ಹಾದಿ ಹಿಡಿದಿದೆ.

ಕೆಲವು ಭೇದಗಳು ಕೇವಲ ಮೇಲುನೋಟದವು. ಶುಭವನ್ನು ನುಡಿದ ಬಳಿಕ ಕೇಡು ತಟ್ಟದಿರಲೆಂದು ಬ್ರಿಟನ್ನಿನವರು ‘ಟಚ್ ವುಡ್’ ಎಂದು ಮರವನ್ನು ಮುಟ್ಟುವರು. ಅಮೆರಿಕನ್ನರು ‘ನಾಕ್ ಆನ್ ವುಡ್’ ಎಂದು ಅದನ್ನೇ ತಟ್ಟುವರು. ಅಲ್ಪವಿಷಯಕ್ಕೆ ಎದ್ದ ದೊಡ್ಡ ಗದ್ದಲವು ಬ್ರಿಟಿಷರಿಗೆ ಚಹದ ಬಟ್ಟಲಿನ ಬಿರುಗಾಳಿ, ಅಮೆರಿಕನ್ನರಿಗೆ ಟೀಪಾಟಿನ ಬಿರುಗಾಳಿ. ಅವರಿಗೆ ಬಟ್ಟಲು ಸಾಲದಾಯಿತೇನೋ!

ಸ್ಕಾಟ್ಲೆಂಡಿನ ಒಂದು ಗಾದೆ ನಮಗೆ ಬಲು ಹತ್ತಿರವಾದುದು. ‘ಮೆನಿ ಎ ಪಿಕಲ್ ಮೇಕ್ಸ್ ಎ ಮಕಲ್’, ಎಂದರೆ ಚೂರುಚೂರು ಸೇರಿ ರಾಶಿಯಾಗುವುದು. ನಮ್ಮ ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬುದೂ ಇದೇ ಅಲ್ಲವೆ? ಇದು ‘ಮೆನಿ ಎ ಮಿಕಲ್ ಮೇಕ್ಸ್ ಎ ಮಕಲ್’ ಎಂಬ ರೂಪದಲ್ಲಿಯೂ ಹರಡಿದೆ. ವಿಚಿತ್ರವೆಂದರೆ ಮಿಕಲ್, ಮಕಲ್ ಎರಡೂ ಒಂದೇ ಪ್ರಾಚೀನ ಶಬ್ದದ ರೂಪಾಂತರಗಳು. ಎರಡಕ್ಕೂ ‘ಬಹಳ’ ಎಂದೇ ಅರ್ಥ. ಪ್ರಾಸದ ಆಸೆಗೆ ಜನರು ಅರ್ಥವನ್ನೇ ಬಿಟ್ಟುಕೊಟ್ಟಿದ್ದಾರೆ.

ಆಟದಂಗಳದಿಂದ ಬಂದ ಮಾತುಗಳೂ ಉಂಟು. ಇಕ್ಕಟ್ಟಿನಲ್ಲಿ ಸಿಲುಕಿದವನು ‘ಸ್ಟಿಕಿ ವಿಕೆಟ್’ ಮೇಲಿದ್ದಾನೆಂದರೆ ಕ್ರಿಕೆಟ್ ಬಲ್ಲ ನಮ್ಮ ಹುಡುಗರಿಗೆ ವಿವರಣೆ ಬೇಡ. ಆದರೆ ಸ್ಥೂಲ ಅಂದಾಜಿಗೆ ಅಮೆರಿಕನ್ನರು ಹೇಳುವ ‘ಬಾಲ್‌ಪಾರ್ಕ್ ಫಿಗರ್’ ಬೇಸ್‌ಬಾಲ್ ಮೈದಾನದಿಂದ ಬಂದುದು. ಅದನ್ನು ಕಲಿಸಿಯೇ ತಿಳಿಸಬೇಕು.

ಅರ್ಥವೇ ತಿರುವುಮುರುವಾಗುವ ಮಾತುಗಳಲ್ಲಿ ಮಾತ್ರ ಅಪಾಯವುಂಟು. ‘ಟೇಬಲ್’ ಮಾಡುವುದೆಂದರೆ ಬ್ರಿಟನ್ನಿನಲ್ಲಿ ವಿಷಯವನ್ನು ಚರ್ಚೆಗೆ ಮಂಡಿಸುವುದು. ಅಮೆರಿಕದಲ್ಲಿ ಅದನ್ನು ಬದಿಗಿರಿಸುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಭಯ ದೇಶಗಳ ಸೇನಾಧಿಕಾರಿಗಳು ಈ ಒಂದು ಶಬ್ದದಿಂದಾಗಿ ಬಹಳ ಹೊತ್ತು ವಾದಿಸಿ, ಕೊನೆಗೆ ಇಬ್ಬರ ಇಚ್ಛೆಯೂ ಒಂದೇ ಎಂದು ಕಂಡುಕೊಂಡ ಸಂಗತಿಯನ್ನು ಚರ್ಚಿಲ್ಲರು 1950ರಲ್ಲಿ ಪ್ರಕಟವಾದ ತಮ್ಮ ಯುದ್ಧೇತಿಹಾಸದ 3ನೆಯ ಸಂಪುಟದಲ್ಲಿ ಬರೆದಿದ್ದಾರೆ. ನಮ್ಮ ಸಂಸತ್ತು ಈ ವಿಷಯದಲ್ಲಿ ಬ್ರಿಟಿಷ್ ಪದ್ಧತಿಯನ್ನೇ ಅನುಸರಿಸಿದೆ.

ಇನ್ನು ಭಾರತದ ಆಂಗ್ಲ. ಇದನ್ನು ತಪ್ಪೆಂದು ಕೆಂಪು ಶಾಯಿಯಿಂದ ಹೊಡೆದುಹಾಕುವ ಮುನ್ನ ಉಪಾಧ್ಯಾಯರು ಕೊಂಚ ಯೋಚಿಸಬೇಕು. ‘ಡೂ ದಿ ನೀಡ್‌ಫುಲ್’ ಹಿಂದೆ ಬ್ರಿಟನ್ನಿನದೇ ಮಾತು. ಅಲ್ಲಿ ಹಳತಾಯಿತು, ಇಲ್ಲಿ ಅರ್ಜಿಗಳಲ್ಲಿ ಉಳಿಯಿತು. ಮೊದಲೇ ಗೊತ್ತಾದ ದಿನವನ್ನು ಹಿಂದಕ್ಕೆ ತರುವ ‘ಪ್ರೀಪೋನ್’ ಶಬ್ದವು ಆಕ್ಸ್‌ಫರ್ಡ್ ನಿಘಂಟಿನಲ್ಲಿಯೂ ಸ್ಥಾನ ಪಡೆದಿದೆ. ಆದರೆ ಪರದೇಶಕ್ಕೆ ಅರ್ಜಿ ಹಾಕುವವನು ‘ಪಾಸ್ಡ್ ಔಟ್’ ಎಂದು ಬರೆಯದಿರುವುದು ಕ್ಷೇಮ. ವಿದ್ಯಾಭ್ಯಾಸ ಮುಗಿಸಿದೆನೆಂದು ಅವನ ಭಾವ. ಮೂರ್ಛೆಹೋದನೆಂದು ಅಲ್ಲಿಯ ಓದುಗನ ಗ್ರಹಿಕೆ. ಸೈನಿಕ ಶಾಲೆಗಳ ‘ಪಾಸಿಂಗ್ ಔಟ್ ಪೆರೇಡ್’ನಲ್ಲಿ ಮಾತ್ರ ಬ್ರಿಟನ್ನಿನಲ್ಲಿಯೂ ನಮ್ಮ ಅರ್ಥವೇ ಇದೆ. ‘ಔಟ್ ಆಫ್ ಸ್ಟೇಷನ್’ ಎಂಬುದಕ್ಕೂ ಇಂತಹದೇ ಗತಿ. ಬ್ರಿಟಿಷರ ಆಳ್ವಿಕೆಯಲ್ಲಿ ಅಧಿಕಾರಿಯನ್ನು ನೇಮಿಸಿದ ಊರೇ ಸ್ಟೇಷನ್. ಇಂದು ಹೊರನಾಡಿನವನು ಅದನ್ನು ಕೇಳಿದರೆ ರೈಲು ತಪ್ಪಿತೇ ಎಂದು ವಿಚಾರಿಸಿಯಾನು.