ಜಾಚಿಂತೊ ಜಿಗಾಂತೆ ಮತ್ತು ಪೊಸಿಲ್ಲಿಪೊ ಪಂಥ

ವಿಷಯ: ವಿಶ್ವ ಕಲಾ ಇತಿಹಾಸ – 19ನೇ ಶತಮಾನದ ಇಟಲಿ

ಪರಿಚಯ: ಜಿಗಾಂತೆ (1806–1876) ನೇಪಲ್ಸ್‌ನಲ್ಲಿ ಹುಟ್ಟಿ, ಅಲ್ಲಿಯೇ ನಿಧನನಾದ ಭೂದೃಶ್ಯ ಚಿತ್ರಕಾರ. ಜಲವರ್ಣದಲ್ಲಿ ಸಿದ್ಧಹಸ್ತ.

ಪೊಸಿಲ್ಲಿಪೊ ಪಂಥ: ನೇಪಲ್ಸ್ ಕೊಲ್ಲಿಯ ದಂಡೆಯಲ್ಲಿರುವ ಬೆಟ್ಟಸಾಲಿನ ಹೆಸರು ಪೊಸಿಲ್ಲಿಪೊ. ಡಚ್ ಕಲಾವಿದ ಆಂಟನ್ ಪಿಟ್ಲೊ ಈ ಪಂಥದ ಪ್ರವರ್ತಕ. 1837ರಲ್ಲಿ ಆತ ತೀರಿಕೊಂಡ ಬಳಿಕ ಶಿಷ್ಯ ಜಿಗಾಂತೆ ಪಂಥದ ಮುಂದಾಳಾದ.

ಜಿಗಾಂತೆಯ ಶೈಲಿಯ ಮುಖ್ಯಾಂಶಗಳು:
• ಬಯಲಿನಲ್ಲೇ ಕುಳಿತು, ದೃಶ್ಯವನ್ನು ಕಣ್ಣಾರೆ ಕಂಡು ಚಿತ್ರಿಸುವುದು.
• ಆರಂಭದಲ್ಲಿ ರೇಖೆಯ ನಿಖರತೆಗೆ ‘ಕ್ಯಾಮೆರಾ ಲೂಸಿಡಾ’ ಎಂಬ ಪಟ್ಟಕ ಉಪಕರಣದ ಬಳಕೆ.
• ತೆಳುವಾದ ಬಣ್ಣದ ಪದರಗಳ ಕೆಳಗಿನಿಂದ ಕಾಗದದ ಬಿಳುಪೇ ಬೆಳಕಾಗಿ ಹೊಮ್ಮುತ್ತದೆ. ಕಡಲು, ಮಂಜು, ಬಿಸಿಲು ಒಂದರೊಳಗೊಂದು ಕರಗುವ ಈ ಕಾಂತಿಯೇ ಆತನ ನಿಜವಾದ ಸಾಧನೆ. ಇಸವಿಗಳಿಗಿಂತ ಮೊದಲು ಇದನ್ನು ಅರಿಯಬೇಕು.

ಪ್ರಮುಖ ವಸ್ತುಗಳು: ನೇಪಲ್ಸ್ ಕೊಲ್ಲಿ, ಸೊರೆಂಟೊ, ಅಮಾಲ್ಫಿ ಕರಾವಳಿ, ಕಾಪ್ರಿ.

ಭಿನ್ನ ಕೃತಿ: ಸಂತ ಜೆನ್ನಾರೊ ಪ್ರಾರ್ಥನಾ ಮಂದಿರದ ಒಳಾಂಗಣ ಚಿತ್ರ. ಇದು ನೇಪಲ್ಸ್‌ನ ಕಾಪೊದಿಮೊಂತೆ ಸಂಗ್ರಹಾಲಯದಲ್ಲಿದೆ.

ಗೊಂದಲ ಬೇಡ: ಮಾಕ್ಯಾಯೊಲಿ ಪಂಥ ಫ್ಲಾರೆನ್ಸ್‌ನದು, ಪೊಸಿಲ್ಲಿಪೊ ಪಂಥ ಅದಕ್ಕಿಂತ ಹಿಂದಿನದು, ನೇಪಲ್ಸ್‌ನದು.

ಮಾದರಿ ಪ್ರಶ್ನೆ: ಪೊಸಿಲ್ಲಿಪೊ ಪಂಥದ ಪ್ರವರ್ತಕ ಯಾರು?
(ಎ) ಜಿಗಾಂತೆ (ಬಿ) ಪಿಟ್ಲೊ (ಸಿ) ಕಾನಲೆತ್ತೊ (ಡಿ) ಫತ್ತೋರಿ
ಉತ್ತರ: (ಬಿ). ಕಾನಲೆತ್ತೊ 18ನೇ ಶತಮಾನದ ವೆನಿಸ್‌ನವನು; ಫತ್ತೋರಿ ಮಾಕ್ಯಾಯೊಲಿ ಪಂಥದವನು.